ಕೌಂಟರ್ ಮೇಲಿನ ಬೋರ್ಡು

ಬೋರ್ಡು ಬರೆದವನು ನಾನೇ. 2023ರ ಮೇ 15, ಸೋಮವಾರ. ಅಂಗಡಿ ಷಟರ್ ಎತ್ತಿದ ತಕ್ಷಣ ಕಂಪ್ಯೂಟರ್ ಆನ್ ಮಾಡಿ, ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದೆ: "ದಯವಿಟ್ಟು ಇಲ್ಲಿ ರಾಜಕೀಯ ಮಾತನಾಡಬೇಡಿ." ಅಕ್ಷರ ದೊಡ್ಡದು ಮಾಡಿ, ಎ4 ಹಾಳೆಯಲ್ಲಿ ಪ್ರಿಂಟ್ ತೆಗೆದು, ಲ್ಯಾಮಿನೇಷನ್ ಮಾಡಿ ಕೌಂಟರ್ ಮೇಲೆ ಅಂಟಿಸಿದೆ. ಗೋಡೆಯ ಟಿವಿ ಪ್ಲಗ್ ಕಿತ್ತೆ. ಫೋನಿನಲ್ಲಿದ್ದ ಮೂರು ನ್ಯೂಸ್ ಆಪ್ ತೆಗೆದುಹಾಕಿದೆ. ನಮ್ಮ ಎಸ್ಸೆಸ್ಸೆಲ್ಸಿ ಬ್ಯಾಚಿನ ವಾಟ್ಸಾಪ್ ಗುಂಪಿನಿಂದ ಹೊರಗೆ ಬಂದೆ. ಪೇಪರ್ ಹಾಕುವ ಹುಡುಗನಿಗೆ ಒಂದನೇ ತಾರೀಖಿನಿಂದ ಬೇಡಪ್ಪ ಎಂದೆ.

ಒಂಬತ್ತು ತಿಂಗಳು ಹಾಗೇ ಇದ್ದೆ. ಯಾಕೆ ಬಿಟ್ಟೆ, ಮತ್ತೆ ಯಾಕೆ ಬಂದೆ ಅನ್ನೋದನ್ನು ಬರೆದಿಡಬೇಕು ಅಂತ ಬಹಳ ದಿನದಿಂದ ಮನಸ್ಸಿನಲ್ಲಿತ್ತು.

ನನ್ನದು ತಿಪಟೂರಿನಲ್ಲಿ ಒಂದು ಜೆರಾಕ್ಸ್ ಅಂಗಡಿ. ಹೆಸರಿಗೆ ಜೆರಾಕ್ಸ್. ಪಹಣಿ ಪ್ರಿಂಟು, ಜಾತಿ-ಆದಾಯ ಪ್ರಮಾಣಪತ್ರದ ಅರ್ಜಿ, ಆಧಾರ್ ಪಾನ್ ಜೋಡಣೆ, ಪರೀಕ್ಷೆ ಫೀಸು, ಪಾಸ್‌ಪೋರ್ಟ್ ಸೈಜ್ ಫೋಟೊ, ಎಲ್ಲವೂ ಇಲ್ಲೇ. ತಾಲ್ಲೂಕು ಕಚೇರಿಗೆ ಹೋಗುವವರು ಮೊದಲು ನಮ್ಮಲ್ಲಿಗೆ ಬರುತ್ತಾರೆ. ಅಲ್ಲಿ "ಇನ್ನೊಂದು ಕಾಪಿ ತಗೊಂಡ್ ಬಾ" ಅನ್ನಿಸಿಕೊಂಡು ಮತ್ತೆ ನಮ್ಮಲ್ಲಿಗೇ ಬರುತ್ತಾರೆ. ಹದಿನೆಂಟು ವರ್ಷದಿಂದ ಇದೇ ಕೆಲಸ. ಬಂದವರು ಕಾಯುವಾಗ ನೋಡಲಿ ಅಂತ ಒಂದು ಟಿವಿ ಹಾಕಿಸಿದ್ದೆ. ಕೊನೆಗೆ ಅದನ್ನು ಎಲ್ಲರಿಗಿಂತ ಜಾಸ್ತಿ ನೋಡಿದವನು ನಾನು.

ಸುದ್ದಿಯ ಚಟ ಹತ್ತಿದ್ದು 2018ರಲ್ಲಿ. ಆ ವರ್ಷ ಮೇ 15ಕ್ಕೆ ವಿಧಾನಸಭೆ ಫಲಿತಾಂಶ ಬಂತು. ಬಿಜೆಪಿಗೆ 104, ಕಾಂಗ್ರೆಸ್‌ಗೆ 78, ಜೆಡಿಎಸ್‌ಗೆ 37. ಯಾರಿಗೂ ಬಹುಮತ ಇಲ್ಲ. ಮಾರನೇ ದಿನ ನಡುರಾತ್ರಿ ಸುಪ್ರೀಂ ಕೋರ್ಟ್ ವಿಚಾರಣೆಗೆ ಕೂತಾಗ ನಾನೂ ಮನೆಯ ಹಾಲಿನಲ್ಲಿ ಒಬ್ಬನೇ ಕೂತಿದ್ದೆ. ಬೆಳಗಿನ ಜಾವದವರೆಗೂ ಏಳಲಿಲ್ಲ. 17ಕ್ಕೆ ಯಡಿಯೂರಪ್ಪನವರು ಪ್ರಮಾಣವಚನ ತಗೊಂಡರು, 19ಕ್ಕೆ ಮತಕ್ಕೆ ಹಾಕುವ ಮೊದಲೇ ರಾಜೀನಾಮೆ ಕೊಟ್ಟರು. ಆ ನಾಲ್ಕು ದಿನ ಅಂಗಡಿಯಲ್ಲಿ ನನ್ನ ಕೈ ಕೆಲಸ ಮಾಡುತ್ತಿತ್ತು, ಕಣ್ಣು ಗೋಡೆ ಮೇಲಿತ್ತು.

ಮುಂದಿನ ವರ್ಷ ಇನ್ನೂ ಜಾಸ್ತಿಯಾಯಿತು. 2019ರ ಜುಲೈ. ಸರ್ಕಾರದ ವಿರುದ್ಧ ತಿರುಗಿದ ಶಾಸಕರು ಮುಂಬೈ ಹೋಟೆಲಿನಲ್ಲಿ, ಇಲ್ಲಿ ವಿಧಾನಸೌಧದಲ್ಲಿ ದಿನಗಟ್ಟಲೆ ಚರ್ಚೆ. ಜುಲೈ 23ರ ಸಂಜೆ ತಲೆ ಎಣಿಸಿದಾಗ ಪರವಾಗಿ 99, ವಿರುದ್ಧ 105. ಕುಮಾರಸ್ವಾಮಿಯವರ ಕಾಂಗ್ರೆಸ್-ಜೆಡಿಎಸ್ ಸರ್ಕಾರ ಬಿತ್ತು. ಆಮೇಲೆ ಅನರ್ಹರಾದ 17 ಶಾಸಕರ ಹೆಸರು, ಅವರವರ ಕ್ಷೇತ್ರ, ಯಾರು ಯಾವ ಪಕ್ಷ, ಎಲ್ಲ ನನಗೆ ಬಾಯಿಪಾಠ ಆಗಿತ್ತು. ಗಿರಾಕಿಗಳು ಮರೆತರೆ ನನ್ನನ್ನು ಕೇಳುತ್ತಿದ್ದರು. ನಾನು ಪಟಪಟ ಹೇಳುತ್ತಿದ್ದೆ. ಅದೊಂದು ಹೆಮ್ಮೆ ಆಗಿತ್ತು ನನಗೆ.

ಈಗ ಆ ಜಗಳದ ವಿಷಯಕ್ಕೆ ಬರುತ್ತೇನೆ. ಇದನ್ನು ಬಿಟ್ಟು ಉಳಿದದ್ದೆಲ್ಲ ಬರೆದರೆ ಸುಳ್ಳು ಬರೆದ ಹಾಗೆ.

ನಮ್ಮ ಅಂಗಡಿಯಿಂದ ಎರಡು ಬಾಗಿಲ ಆಚೆ ನನ್ನ ಗೆಳೆಯನ ಟೈಲರಿಂಗ್ ಅಂಗಡಿ. ಹೈಸ್ಕೂಲಿನಲ್ಲಿ ಒಂದೇ ಬೆಂಚು. ನನ್ನ ಮದುವೆಯ ಶರ್ಟು ಪ್ಯಾಂಟು ಹೊಲಿದವನು ಅವನೇ. ದಿನಾ ಬೆಳಗ್ಗೆ ಹನ್ನೊಂದಕ್ಕೆ, ಸಂಜೆ ಐದಕ್ಕೆ ಇಬ್ಬರೂ ಒಟ್ಟಿಗೆ ಟೀ. ಇಪ್ಪತ್ತು ವರ್ಷ ಅದು ತಪ್ಪಿದ್ದು ಕಡಿಮೆ. ರಾಜಕೀಯದಲ್ಲಿ ಅವನದು ಒಂದು ಕಡೆ, ನನ್ನದು ಇನ್ನೊಂದು ಕಡೆ. ಯಾರದು ಯಾವ ಕಡೆ ಅಂತ ಇಲ್ಲಿ ಬರೆಯುವುದಿಲ್ಲ. ಬರೆದರೆ ಓದುವವರು ಅಲ್ಲೇ ನಿಂತು ಲೆಕ್ಕ ಹಾಕಲು ಶುರು ಮಾಡುತ್ತಾರೆ.

2023ರ ಮೇ 13, ಶನಿವಾರ. ಮತ ಎಣಿಕೆ. ಬೆಳಗ್ಗೆಯಿಂದ ಅಂಗಡಿ ತುಂಬ ಜನ, ಟಿವಿ ಜೋರು. ಮಧ್ಯಾಹ್ನದ ಹೊತ್ತಿಗೆ ಎಲ್ಲ ಗೊತ್ತಾಯಿತು. ಕೊನೆಗೆ ಕಾಂಗ್ರೆಸ್ 135, ಬಿಜೆಪಿ 66, ಜೆಡಿಎಸ್ 19. ಸಂಜೆ ಟೀ ಕುಡಿಯುವಾಗ ಮಾತಿಗೆ ಮಾತು ಬೆಳೆಯಿತು. ಅವನು ಏನೋ ಅಂದ. ನಾನು ಏನೋ ಅಂದೆ. ಆಮೇಲೆ ನನ್ನ ಬಾಯಿಂದ ಆ ಮಾತು ಬಂತು: "ನಿಮ್ ಜನಾನೇ ಹಿಂಗೆ."

ನಮ್ಮ ಕಡೆ ಆ ಮಾತಿಗೆ ಒಂದೇ ಅರ್ಥ. ಜಾತಿ ಎಳೆದು ತಂದಿದ್ದೆ. ಒಂದೇ ಬೆಂಚಿನ ಮೇಲೆ ಕೂತು, ಅವನಮ್ಮ ಕಟ್ಟಿಕೊಟ್ಟ ಬುತ್ತಿಯಲ್ಲಿ ರೊಟ್ಟಿ ತಿಂದವನು ನಾನು. ಅವನು ಲೋಟ ಕೆಳಗಿಟ್ಟ. ನನ್ನ ಮುಖ ನೋಡಿದ. ಏನೂ ಅನ್ನಲಿಲ್ಲ. ಎದ್ದು ಹೋದ.

ಆ ರಾತ್ರಿ ನಿದ್ದೆ ಬರಲಿಲ್ಲ. ಆ ಮಾತು ನನ್ನೊಳಗೆ ಎಲ್ಲಿಂದ ಬಂತು ಅಂತ ಯೋಚಿಸುತ್ತಾ ಮಲಗಿದ್ದೆ. ನಮ್ಮಪ್ಪ ಹಾಗೆ ಮಾತಾಡಿದ್ದು ನಾನು ಕೇಳಿಲ್ಲ. ಐದು ವರ್ಷದಿಂದ ದಿನಕ್ಕೆ ಹತ್ತು ಗಂಟೆ ನನ್ನ ಕಿವಿಗೆ ಬೀಳುತ್ತಿದ್ದುದು ಏನು? ಈ ಸಮುದಾಯ ಯಾರ ಕಡೆ, ಆ ಸಮುದಾಯ ಕೈ ಕೊಟ್ಟಿತಾ, ಯಾವ ಜಾತಿಗೆ ಎಷ್ಟು ಸೀಟು. ಒಂದು ಕ್ಷೇತ್ರದ ಜನರನ್ನು ಜಾತಿಯ ಮೂಟೆ ಮಾಡಿ ಕಟ್ಟಿ ಲೆಕ್ಕ ಹಾಕುವುದು. ಅದನ್ನು ಕೇಳಿ ಕೇಳಿ ನನ್ನ ಗೆಳೆಯ ಕೂಡ ನನ್ನ ಕಣ್ಣಿಗೆ ಒಂದು ಮೂಟೆಯ ಹಾಗೆ ಕಂಡಿದ್ದ. ಹಾಗಂತ ತಪ್ಪು ಟಿವಿಯದು ಅನ್ನುತ್ತಿಲ್ಲ. ಹಾಕಿಟ್ಟವನು ನಾನು, ಆಡಿದವನು ನಾನು.

ಭಾನುವಾರ ಅಂಗಡಿ ತೆಗೆಯಲಿಲ್ಲ. ಸೋಮವಾರ ಬೋರ್ಡು ಹಾಕಿದೆ.

ಮೊದಲ ವಾರ ಕಷ್ಟವಾಯಿತು. ಯಾರು ಮುಖ್ಯಮಂತ್ರಿ ಅಂತ ಇಡೀ ಊರು ಮಾತಾಡುತ್ತಿತ್ತು. ಕೈ ತಾನಾಗಿ ಫೋನಿಗೆ ಹೋಗುತ್ತಿತ್ತು. ಸಿದ್ದರಾಮಯ್ಯನವರು ಅಂತ ನನಗೆ ಗೊತ್ತಾಗಿದ್ದು ಹಾಲಿನ ಅಂಗಡಿಯಲ್ಲಿ. ಜೂನ್ ಹೊತ್ತಿಗೆ ಹಗುರಾಯಿತು. ರಾತ್ರಿ ಹತ್ತಕ್ಕೆ ಮಲಗುತ್ತಿದ್ದೆ. ಒಂಬತ್ತನೇ ಕ್ಲಾಸಿನ ಮಗಳಿಗೆ ಲೆಕ್ಕ ಹೇಳಿಕೊಡಲು ಶುರು ಮಾಡಿದೆ. ಬೆಳಗ್ಗೆ ಕೆರೆ ಕಡೆ ನಡೆದು ಬರುತ್ತಿದ್ದೆ. ಯಾರ ಮೇಲೂ ಸಿಟ್ಟಿಲ್ಲದೆ ದಿನ ಶುರುವಾಗುವುದು ಎಷ್ಟು ದೊಡ್ಡ ಸುಖ ಅಂತ ಮರೆತೇ ಹೋಗಿತ್ತು. ಆ ಸುಖ ನಿಜವಾದದ್ದು. ಯಾರಾದರೂ "ಸುದ್ದಿ ನೋಡಿ ನೋಡಿ ಸಾಕಾಗಿದೆ, ಸ್ವಲ್ಪ ದಿನ ಬಿಡ್ತೀನಿ" ಅಂದರೆ ನಾನು ಖಂಡಿತ ಬಿಡಿ ಅಂತಲೇ ಹೇಳುತ್ತೇನೆ.

ಆದರೆ ನನ್ನ ಕೆಲಸ ಅಂಥದ್ದು. ನಾನು ಸುದ್ದಿ ನೋಡದಿದ್ದರೂ ಸುದ್ದಿ ಅರ್ಜಿಯಾಗಿ ಅಂಗಡಿಗೆ ಬರುತ್ತದೆ.

ಜೂನ್ 18ರಿಂದ ಗೃಹಜ್ಯೋತಿ ನೋಂದಣಿ ಶುರುವಾಯಿತು. ಇನ್ನೂರು ಯೂನಿಟ್‌ವರೆಗೆ ಕರೆಂಟು ಉಚಿತ. ಕರೆಂಟ್ ಬಿಲ್ಲು, ಆಧಾರ್ ಹಿಡಿದು ಜನ ಸಾಲುಗಟ್ಟಿದರು. ಸರ್ಕಾರದ ಸೇವಾಸಿಂಧು ವೆಬ್‌ಸೈಟ್ ತೆರೆದುಕೊಳ್ಳುತ್ತಲೇ ಇರಲಿಲ್ಲ. ರಾತ್ರಿ ಹನ್ನೆರಡರ ಮೇಲೆ ಸರ್ವರ್ ಸ್ವಲ್ಪ ಸಲೀಸು ಅಂತ ಕಾಗದ ಇಸ್ಕೊಂಡು, ರಾತ್ರಿ ಕೂತು ಮಾಡಿ, ಬೆಳಗ್ಗೆ ಕೊಡುತ್ತಿದ್ದೆ. ಜುಲೈಯಲ್ಲಿ ಗೃಹಲಕ್ಷ್ಮಿ, ಮನೆಯ ಯಜಮಾನಿಗೆ ತಿಂಗಳಿಗೊಮ್ಮೆ ದುಡ್ಡು ಕೊಡುವ ಯೋಜನೆ. ಆ ಅರ್ಜಿ ನಾವು ಹಾಕುವ ಹಾಗಿರಲಿಲ್ಲ, ಗ್ರಾಮ ಒನ್‌ನಂಥ ಸರ್ಕಾರಿ ಕೇಂದ್ರಗಳಲ್ಲಿ ಹಾಕಬೇಕು. ಆದರೆ ರೇಷನ್ ಕಾರ್ಡ್, ಪಾಸ್‌ಬುಕ್, ಆಧಾರ್ ಕಾಪಿಗೆ ನಮ್ಮಲ್ಲಿಗೇ ಬರಬೇಕು. ಎರಡು ಟೋನರ್ ಒಂದೇ ತಿಂಗಳಲ್ಲಿ ಖಾಲಿ. ಡಿಸೆಂಬರಿನಲ್ಲಿ ಕೆಲಸ ಸಿಗದವರಿಗೆ ಭತ್ಯೆ ಕೊಡುವ ಯುವನಿಧಿ, ಡಿಗ್ರಿ ಮುಗಿಸಿದ ಹುಡುಗರು ಮಾರ್ಕ್ಸ್ ಕಾರ್ಡ್ ಹಿಡಿದು ಬಂದರು.

ಎಲ್ಲರ ಕಾಗದ ಮಾಡಿಕೊಟ್ಟೆ. ಯಾಕೆ, ಏನು ಅಂತ ಒಂದು ಮಾತು ಕೇಳಲಿಲ್ಲ. ಯಾರಾದರೂ ಬಾಯಿ ತೆರೆದರೆ ಬೋರ್ಡಿನ ಕಡೆ ಕೈ ತೋರಿಸುತ್ತಿದ್ದೆ. ಜನರೂ ಅಭ್ಯಾಸ ಮಾಡಿಕೊಂಡರು. ನಮ್ಮ ಅಂಗಡಿಯಲ್ಲಿ ಮೆಷಿನ್ ಸದ್ದು ಬಿಟ್ಟರೆ ಸದ್ದೇ ಇರಲಿಲ್ಲ.

ಬಸ್ ಸ್ಟ್ಯಾಂಡ್ ಹತ್ತಿರ ಸೊಪ್ಪು ಮಾರುವ ಒಬ್ಬ ಅಜ್ಜಿ ಇದ್ದಾರೆ. ಆಗಸ್ಟಿನಲ್ಲಿ ಒಂದು ದಿನ ಪಾಸ್‌ಬುಕ್ ತಂದು ಮುಂದಿಟ್ಟರು. ಅವರ ಖಾತೆಗೆ 170 ರೂಪಾಯಿ ಬಂದಿತ್ತು. "ಇದ್ಯಾವ ದುಡ್ಡು ಕಣಪ್ಪ?" ಅಂದರು. ಅಕ್ಕಿದು ಅಜ್ಜಿ ಅಂದೆ. "ಅಕ್ಕಿ ಕೊಡ್ತೀವಿ ಅಂದಿದ್ರಲ್ಲ. ದುಡ್ಡು ಯಾಕ್ ಕೊಟ್ರು?" ನನಗೆ ಗೊತ್ತಿರಲಿಲ್ಲ. ಗೊತ್ತು ಮಾಡಿಕೊಳ್ಳಲು ಎರಡು ನಿಮಿಷ ಸಾಕಿತ್ತು. ನಾನು ಬೋರ್ಡು ತೋರಿಸಿದೆ. ಅವರಿಗೆ ಓದಲು ಬರುವುದಿಲ್ಲ. ಪಕ್ಕದಲ್ಲಿದ್ದ ಹುಡುಗ ಓದಿ ಹೇಳಿದ. ಅಜ್ಜಿ ಪಾಸ್‌ಬುಕ್ ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಟುಹೋದರು.

ಅವತ್ತು ಅದು ತಪ್ಪು ಅನ್ನಿಸಲಿಲ್ಲ. ತಪ್ಪು ಅನ್ನಿಸಿದ್ದು ಕೊಬ್ಬರಿ ವಿಷಯದಲ್ಲಿ.

ತಿಪಟೂರು ಅಂದರೆ ಕೊಬ್ಬರಿ. ನಮ್ಮಲ್ಲಿ ಕಾಯಿ ಕಿತ್ತು ಅಟ್ಟಕ್ಕೆ ಹಾಕಿದರೆ ಹತ್ತು ಹನ್ನೊಂದು ತಿಂಗಳು ಅಲ್ಲೇ ಇರುತ್ತದೆ. ಒಳಗಿನ ನೀರು ಇಂಗಿ, ತಿರುಳು ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಸದ್ದು ಬರಬೇಕು. ಆಗ ಸುಲಿದು ಒಡೆದರೆ ಉಂಡೆ ಕೊಬ್ಬರಿ. ಒಂದು ವರ್ಷದ ಫಸಲು, ಇನ್ನೊಂದು ವರ್ಷದ ಕಾಯುವಿಕೆ. 2023ರಲ್ಲಿ ಬೆಲೆ ನೆಲಕ್ಕೆ ಬಿತ್ತು. ಹಿಂದೆ ಹದಿನೆಂಟು ಸಾವಿರ ಕಂಡಿದ್ದ ಕ್ವಿಂಟಾಲ್ ಕೊಬ್ಬರಿ ಎಂಟು ಒಂಬತ್ತು ಸಾವಿರಕ್ಕೆ ಇಳಿಯಿತು. ಮಳೆಯೂ ಕೈಕೊಟ್ಟ ವರ್ಷ ಅದು. ರಾಜ್ಯದಲ್ಲಿ ಇನ್ನೂರಕ್ಕೂ ಹೆಚ್ಚು ತಾಲ್ಲೂಕುಗಳನ್ನು ಬರಪೀಡಿತ ಅಂತ ಘೋಷಿಸಿದರು.

ನಮ್ಮಪ್ಪನಿಗೆ ಎರಡೂವರೆ ಎಕರೆ ತೋಟ. ಊರು ಇಲ್ಲಿಂದ ಹದಿನೆಂಟು ಕಿಲೋಮೀಟರ್. ಅಪ್ಪನಿಗೆ ಎಪ್ಪತ್ತಮೂರು ವರ್ಷ. ಟಿವಿ ನೋಡುವುದಿಲ್ಲ, ಪೇಪರ್ ಅಕ್ಷರ ಕಣ್ಣಿಗೆ ಕಾಣುವುದಿಲ್ಲ. ಸರ್ಕಾರದ್ದು ಏನಿದ್ದರೂ ನಾನು ಹೇಳಬೇಕು. ಅದು ಮೊದಲಿನಿಂದಲೂ ನಡೆದು ಬಂದದ್ದು. ವಾರಕ್ಕೊಮ್ಮೆ ಫೋನ್ ಮಾಡಿದಾಗ, ಊಟ ಆಯ್ತಾ ಅಂತ ಕೇಳುವ ಹಾಗೆ, "ಏನಂತೆ ಸಮಾಚಾರ?" ಅಂತ ಅಪ್ಪ ಕೇಳುತ್ತಿದ್ದರು. ನಾನು ಹೇಳುತ್ತಿದ್ದೆ. ಬೋರ್ಡು ಹಾಕಿದ ಮೇಲೆ "ಏನಿಲ್ಲಪ್ಪ" ಅನ್ನುತ್ತಿದ್ದೆ. ನಿಜವಾಗಿ ಏನಿಲ್ಲ ಅಂತ ಅವರು ತಿಳಿದುಕೊಂಡಿದ್ದರು.

ಡಿಸೆಂಬರ್ ಕೊನೆಯಲ್ಲಿ ಕೇಂದ್ರ ಸರ್ಕಾರ 2024ರ ಬೆಂಬಲ ಬೆಲೆ ಪ್ರಕಟಿಸಿತು. ಉಂಡೆ ಕೊಬ್ಬರಿ ಕ್ವಿಂಟಾಲ್‌ಗೆ 12,000. ರಾಜ್ಯ ಸರ್ಕಾರ ಅದರ ಮೇಲೆ 1,500 ಸೇರಿಸಿತು. ಮಾರ್ಕೆಟ್ಟಿನಲ್ಲಿ ಒಂಬತ್ತು ಸಾವಿರದ ಆಸುಪಾಸು ಇರುವಾಗ ಸರ್ಕಾರದ ಪರವಾಗಿ ಕೊಳ್ಳುವ ನಾಫೆಡ್ ಸಂಸ್ಥೆಯ ಖರೀದಿಗೆ 13,500. ನಮ್ಮಪ್ಪನ ಅಟ್ಟದಲ್ಲಿ ಎಂಟು ಕ್ವಿಂಟಾಲ್ ಇತ್ತು. ಲೆಕ್ಕ ನೀವೇ ಹಾಕಿ. ಮೂವತ್ತಾರು ಸಾವಿರದ ಮಾತು.

ಫೆಬ್ರವರಿಯಲ್ಲಿ ಆ ಖರೀದಿಗೆ ರೈತರ ನೋಂದಣಿ ಶುರುವಾಯಿತು. ಇದು ನನಗೆ ಗೊತ್ತಿರಲಿಲ್ಲ. ಆದರೆ ಆ ವಾರ ಪೂರ್ತಿ ನಾನು ಮಾಡಿದ ಕೆಲಸ ಯಾವುದು ಗೊತ್ತಾ? ಪಹಣಿ, ಆಧಾರ್, ಪಾಸ್‌ಬುಕ್, ರೈತರ ಗುರುತಿನ ಸಂಖ್ಯೆಯಾದ ಫ್ರೂಟ್ಸ್ ಐಡಿ ಪ್ರಿಂಟು. ಬೆಳಗ್ಗೆ ಏಳಕ್ಕೇ ರೈತರು ಬಂದು ಷಟರ್ ಬಡಿಯುತ್ತಿದ್ದರು. ಕೈ ಬಿಡುವಿಲ್ಲ. ಒಬ್ಬರು "ಎಪಿಎಂಸಿಲಿ ರಾತ್ರಿಯಿಂದ್ಲೇ ಕ್ಯೂ ಐತೆ" ಅಂತ ಏನೋ ಹೇಳಲು ಹೋದರು. ಅವರ ಕಣ್ಣು ಬೋರ್ಡಿನ ಮೇಲೆ ಬಿತ್ತು. ಸುಮ್ಮನಾದರು. ನಾನೂ ಕೇಳಲಿಲ್ಲ.

ಕೆಲವೇ ದಿನಕ್ಕೆ ನೋಂದಣಿ ಮುಗಿದುಹೋಯಿತು. ನಿಗದಿ ಮಾಡಿದ್ದಷ್ಟು ತುಂಬಿತು ಅಂತ ನಿಲ್ಲಿಸಿದರು.

ಮುಂದಿನ ಭಾನುವಾರ ಊರಿಗೆ ಹೋದೆ. ಅಪ್ಪ ಜಗಲಿ ಮೇಲೆ ಕೂತಿದ್ದರು. ಪಕ್ಕದ ತೋಟದವರು ನೋಂದಣಿ ಚೀಟಿ ತಂದು ತೋರಿಸಿದ್ದರಂತೆ. ಅಪ್ಪ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ನೀನ್ ಹೇಳ್ತೀಯ ಅನ್ಕಂಡು ಸುಮ್ನಿದ್ದೆ ಕಣೋ," ಅಂದರು ಅಷ್ಟೇ.

ಅರವತ್ತೋ ಎಪ್ಪತ್ತೋ ಜನರ ಪಹಣಿ ಈ ಕೈಯಿಂದ ಕಾಪಿ ತೆಗೆದಿದ್ದೆ. ನಮ್ಮಪ್ಪನ ಪಹಣಿ ತೆಗೆಯಲಿಲ್ಲ. ಅಟ್ಟ ಹತ್ತಿ ನೋಡಿದೆ. ಕಾಯಿ ರಾಶಿ ಹಾಗೇ ಇತ್ತು. ಒಂದನ್ನು ಎತ್ತಿ ಅಲ್ಲಾಡಿಸಿದೆ. ಒಳಗೆ ಕೊಬ್ಬರಿ ಗುಡುಗುಡು ಅಂತು. ಅಲ್ಲೇ ಕೂತುಬಿಟ್ಟೆ.

ಊರಿಂದ ಬಂದವನೇ ಮೊದಲು ಟಿವಿಗೆ ಕೈ ಹಾಕಿದೆ. ಹಾಕಿ ನೋಡಿದೆ. ನಾಲ್ಕು ಜನ ಕೂತು ಕಿರುಚುತ್ತಿದ್ದರು. ನನಗೆ ಬೇಕಿದ್ದುದು ಒಂದೇ: ಮತ್ತೆ ನೋಂದಣಿ ಇದೆಯಾ ಇಲ್ಲವಾ. ಅರ್ಧ ಗಂಟೆ ನೋಡಿದರೂ ಅದು ಬರಲಿಲ್ಲ. ಪ್ಲಗ್ ಕಿತ್ತು, ಎಪಿಎಂಸಿ ಯಾರ್ಡಿಗೆ ನಡೆದುಕೊಂಡೇ ಹೋದೆ. ಅಲ್ಲಿ ನಿಂತಿದ್ದ ರೈತರ ಹತ್ತಿರ ಮಾತಾಡಿದೆ. ನೋಂದಣಿಯಲ್ಲಿ ಅಕ್ರಮ ಆಗಿದೆ, ಕೊಬ್ಬರಿ ಇಲ್ಲದವರ ಹೆಸರೂ ಸೇರಿದೆ ಅಂತ ದೂರು ಹೋಗಿದೆ, ನೋಡೋಣ ಇರಿ ಅಂದರು. ಮಾರನೇ ದಿನದಿಂದ ಪೇಪರ್ ತರಿಸಿದೆ. ಮೊದಲ ಪುಟ ಬಿಟ್ಟು ಜಿಲ್ಲಾ ಪುಟದಿಂದ ಓದಲು ಶುರು ಮಾಡಿದೆ.

ಆ ದೂರಿನ ಮೇಲೆ ಹಳೇ ನೋಂದಣಿ ರದ್ದಾಯಿತು. ಮಾರ್ಚ್ ಮೊದಲ ವಾರ ಹೊಸದಾಗಿ ಶುರು ಮಾಡಿದರು. ಈ ಸಲ ನಾನು ಅಂಗಡಿ ಮುಚ್ಚಿದೆ. ಅಪ್ಪನನ್ನು ಹಿಂದಿನ ದಿನವೇ ಕರೆದುಕೊಂಡು ಬಂದೆ. ರಾತ್ರಿ ಎರಡಕ್ಕೆ ಹೋದರೆ ನಮಗಿಂತ ಮುಂದೆ ಆಗಲೇ ನೂರಕ್ಕೂ ಹೆಚ್ಚು ಜನ. ಕೆಲವರು ಚಪ್ಪಲಿ, ಕೆಲವರು ಚೀಲ ಇಟ್ಟು ಜಾಗ ಹಿಡಿದಿದ್ದರು. ಅಪ್ಪನಿಗೆ ಕಂಬಳಿ ಹಾಸಿದೆ. ಮಲಗಲಿಲ್ಲ. ಸುತ್ತಲಿನವರ ಜೊತೆ ತೋಟ, ನೀರು, ಬೋರ್‌ವೆಲ್ ಅಂತ ಮಾತಾಡುತ್ತಾ ಕೂತರು. ನಾನು ಕೇಳುತ್ತಾ ಕೂತೆ. ಆಮದು ಎಣ್ಣೆ ಯಾಕೆ ಬರುತ್ತಿದೆ, ಅದರಿಂದ ನಮ್ಮ ಕೊಬ್ಬರಿಗೆ ಏನಾಗುತ್ತದೆ, ಖರೀದಿ ತಡ ಆದರೆ ದಲ್ಲಾಳಿಗೆ ಯಾಕೆ ಲಾಭ, ಎಲ್ಲ ಅಲ್ಲಿ ಬಂತು. ಯಾರೂ ಯಾರ ಜಾತಿಯನ್ನೂ ಎತ್ತಲಿಲ್ಲ. ಬೇರೆ ಬೇರೆ ಪಕ್ಷದವರೇ ಇದ್ದರು. ಬೆಳಗಾಗುವವರೆಗೆ ಅವರು ಆಡಿದ್ದು ಪೂರ್ತಿ ರಾಜಕೀಯವೇ. ನಾನು ಒಂಬತ್ತು ತಿಂಗಳು ಅಂಗಡಿಯಿಂದ ಆಚೆ ಇಟ್ಟಿದ್ದು ಇದನ್ನೂ ಸೇರಿಸಿ ಅಂತ ಆಗ ಗೊತ್ತಾಯಿತು.

ಬೆಳಗ್ಗೆ ನಮ್ಮ ಸರದಿ ಬಂದಾಗ ಅಪ್ಪನ ಬೆರಳಚ್ಚು ಹತ್ತಲಿಲ್ಲ. ಮಣ್ಣು, ಮಟ್ಟೆ, ಕೊಡಲಿ ಹಿಡಿದ ಬೆರಳು. ಗೆರೆ ಸವೆದುಹೋಗಿವೆ. ಹೆಬ್ಬೆಟ್ಟು ಇಲ್ಲ, ತೋರುಬೆರಳು ಇಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸಿ ಮತ್ತೆ ಇಟ್ಟರು. ಹಿಂದಿದ್ದವರು ಯಾರೂ ಗಲಾಟೆ ಮಾಡಲಿಲ್ಲ. ಎಡಗೈ ಉಂಗುರದ ಬೆರಳಿಗೆ ಹಸಿರು ದೀಪ ಹತ್ತಿತು. ಅಪ್ಪ ಚೀಟಿ ಮಡಚಿ ಜೇಬಿಗೆ ಹಾಕಿಕೊಂಡು, "ನಡಿ, ಕಾಫಿ ಕುಡಿಯಾನ" ಅಂದರು.

ಹಾಗೆ ನಾನು ವಾಪಸ್ ಬಂದೆ. ಆದರೆ ಹಳೇ ರೀತಿಯಲ್ಲಿ ಬರಲು ಭಯ ಇತ್ತು. ಆ ಮಾತು ಮತ್ತೆ ನನ್ನ ಬಾಯಿಗೆ ಬಂದರೆ ಅನ್ನುವ ಭಯ.

ಅದಕ್ಕೆ ನನಗೆ ಗೊತ್ತಿರುವ ಕೆಲಸದಿಂದಲೇ ಶುರು ಮಾಡಿದೆ. ನನಗೆ ಗೊತ್ತಿರುವುದು ಕಾಗದ. ಫೆಬ್ರವರಿ 16ಕ್ಕೆ ಸಿದ್ದರಾಮಯ್ಯನವರು ಬಜೆಟ್ ಮಂಡಿಸಿದ್ದರು. ಅವರ ಹದಿನೈದನೇ ಬಜೆಟ್, 3,71,383 ಕೋಟಿ. ಭಾಷಣದ ಪಿಡಿಎಫ್ ಇಳಿಸಿಕೊಂಡು, ನಮ್ಮ ಪ್ರಿಂಟರಿನಲ್ಲೇ ತೆಗೆದು, ಸ್ಪೈರಲ್ ಬೈಂಡ್ ಹಾಕಿದೆ. ಹದಿನೆಂಟು ವರ್ಷ ಬೇರೆಯವರ ಕಾಗದಕ್ಕೆ ಹಾಕಿದ ಬೈಂಡು, ಮೊದಲ ಸಲ ನನಗೆ ಅಂತ ಹಾಕಿಕೊಂಡೆ. ಗಿರಾಕಿ ಇಲ್ಲದ ಹೊತ್ತಿನಲ್ಲಿ ಓದಿದೆ. ಪೂರ್ತಿ ಓದಲು ಹನ್ನೊಂದು ದಿನ ಬೇಕಾಯಿತು. ಗೃಹಜ್ಯೋತಿ, ಗೃಹಲಕ್ಷ್ಮಿಯಂಥ ಗ್ಯಾರಂಟಿ ಯೋಜನೆಗಳಿಗೆ 52,000 ಕೋಟಿ ಅಂತ ಇದೆ. ಅದನ್ನು ಓದುವಾಗ ಜೂನಿನ ರಾತ್ರಿಗಳು, ಖಾಲಿಯಾದ ಟೋನರ್ ನೆನಪಾದವು. ಒಟ್ಟು ಮೊತ್ತದಲ್ಲಿ ಅದು ಎಷ್ಟನೇ ಪಾಲು ಅಂತ ಮಗಳ ಹತ್ತಿರ ಲೆಕ್ಕ ಮಾಡಿಸಿದೆ. ನೂರಕ್ಕೆ ಹದಿನಾಲ್ಕು ಅಂದಳು. ಅದು ಜಾಸ್ತಿಯೋ ಕಡಿಮೆಯೋ ಅಂತ ಇಬ್ಬರೂ ಒಂದು ಗಂಟೆ ಮಾತಾಡಿದೆವು.

ಸರ್ಕಾರಿ ಆದೇಶ ಓದುವುದನ್ನೂ ಕಲಿತೆ. ಇಷ್ಟು ವರ್ಷ ಸಾವಿರಾರು ಆದೇಶ ಕಾಪಿ ತೆಗೆದಿದ್ದೇನೆ, ಒಂದನ್ನೂ ಓದಿರಲಿಲ್ಲ. ಮೇಲೆ ವಿಷಯ. ಕೆಳಗೆ "ಓದಲಾಗಿದೆ" ಅಂತ ಹಳೇ ಪತ್ರಗಳ ಪಟ್ಟಿ. ಆಮೇಲೆ ಪ್ರಸ್ತಾವನೆ. ಕೊನೆಗೆ ಆದೇಶ, ಕೆಳಗೆ "ಕರ್ನಾಟಕ ರಾಜ್ಯಪಾಲರ ಆಜ್ಞಾನುಸಾರ ಮತ್ತು ಅವರ ಹೆಸರಿನಲ್ಲಿ." ಪ್ರಸ್ತಾವನೆ ಓದಿದರೆ ಯಾರು ಯಾವಾಗ ಏನು ಕೇಳಿದರು, ಯಾಕೆ ಹೀಗೆ ಮಾಡಿದರು ಅಂತ ಅರ್ಧಕ್ಕರ್ಧ ತಿಳಿಯುತ್ತದೆ. ಯಾರೂ ಕಿರುಚುವುದಿಲ್ಲ. ತಿಳಿಯದಿದ್ದರೆ ಇನ್ನೊಂದು ಸಲ ಓದಬಹುದು. ನನಗೆ ಇದು ಬಹಳ ಇಷ್ಟವಾಯಿತು.

ಹೀಗೆ ಓದುತ್ತಾ ಓದುತ್ತಾ ಒಂದು ವಿಷಯ ಗಮನಕ್ಕೆ ಬಂತು. ಅದು ಈಗಲೂ ನನ್ನನ್ನು ಕೊರೆಯುತ್ತದೆ. ನಮ್ಮ ಜಿಲ್ಲಾ ಪಂಚಾಯಿತಿಗೆ, ತಾಲ್ಲೂಕು ಪಂಚಾಯಿತಿಗೆ ಅಲ್ಲಿಯವರೆಗಿನ ಕೊನೆಯ ಚುನಾವಣೆ ನಡೆದದ್ದು 2016ರಲ್ಲಿ. ಸದಸ್ಯರ ಅವಧಿ 2021ರಲ್ಲಿ ಮುಗಿದಿದೆ. ಆಮೇಲೆ, ನಾನು ಇದನ್ನು ಓದುವ ಹೊತ್ತಿಗೂ, ಚುನಾವಣೆಯೇ ಆಗಿರಲಿಲ್ಲ. ಅಧಿಕಾರಿಗಳೇ ಆಡಳಿತ ನಡೆಸುತ್ತಿದ್ದರು. ಬಿಜೆಪಿಯವರ ಕಾಲದಲ್ಲೂ, ಕಾಂಗ್ರೆಸ್‌ನವರ ಕಾಲದಲ್ಲೂ ಅದು ಮುಂದಕ್ಕೆ ಹೋಗಿತ್ತು. 2021ರಿಂದ 2023ರವರೆಗೆ ನಾನು ದಿನಕ್ಕೆ ಹತ್ತು ಗಂಟೆ ರಾಜಕೀಯ ಸುದ್ದಿ ನೋಡಿದವನು. 17 ಶಾಸಕರ ಹೆಸರು ಬಾಯಿಪಾಠ ಇದ್ದವನು. ನಮ್ಮ ತಾಲ್ಲೂಕು ಪಂಚಾಯಿತಿಯಲ್ಲಿ ಸದಸ್ಯರೇ ಇಲ್ಲ ಅನ್ನುವುದು ಗೊತ್ತಿರಲಿಲ್ಲ. ಪಂಚಾಯಿತಿ ಕಚೇರಿ ನನ್ನ ಅಂಗಡಿಯಿಂದ ನಡೆದು ಹೋಗುವ ದೂರದಲ್ಲಿದೆ. ಊರಿನ ಚಿಕ್ಕ ರಸ್ತೆಗೆ, ಕುಡಿಯುವ ನೀರಿಗೆ ಯಾರನ್ನು ಕೇಳಬೇಕು ಅಂತ ಜನ ನನ್ನ ಹತ್ತಿರ ಅರ್ಜಿ ಬರೆಸುತ್ತಿದ್ದರು. "ಮಾನ್ಯ ಸದಸ್ಯರಿಗೆ" ಅಂತ ನಾನು ಟೈಪ್ ಮಾಡಿಕೊಟ್ಟಿದ್ದೂ ಇದೆ.

ಈಗ ನಮ್ಮೂರಿನ ಗ್ರಾಮಸಭೆಗೆ ಹೋಗುತ್ತೇನೆ. ಆರು ತಿಂಗಳಿಗೊಮ್ಮೆಯಾದರೂ ಸಭೆ ಸೇರಬೇಕು ಅಂತ ಕಾನೂನಿದೆ. ಮೊದಲ ಸಲ ಹೋದಾಗ ಇಪ್ಪತ್ತು ಜನವೂ ಇರಲಿಲ್ಲ. ಎರಡನೇ ಸಲ ಅಪ್ಪ ಪಕ್ಕದ ತೋಟದವರನ್ನೂ ಕರೆದುಕೊಂಡು ಬಂದರು.

ಗೆಳೆಯನ ವಿಷಯ ಬಾಕಿ ಇದೆ.

ಒಂಬತ್ತು ತಿಂಗಳಲ್ಲಿ ನಾವು ಮಾತಾಡಿರಲಿಲ್ಲ. ನಾನು ಬೋರ್ಡು ಹಾಕಿದ್ದು ಅವನಿಗೆ ಮಾಡಿದ ತಪ್ಪಿಗೆ. ಆದರೆ ಅವನಿಗೆ ಒಂದು ಮಾತು ಹೇಳಿರಲಿಲ್ಲ. ಟಿವಿ ಬಿಟ್ಟರೆ ತಪ್ಪು ತೀರಿತು ಅಂತ ಅಂದುಕೊಂಡಿದ್ದೆ. ಮಾರ್ಚ್ ಕೊನೆಯಲ್ಲಿ ಒಂದು ಮಧ್ಯಾಹ್ನ ಅವನ ಅಂಗಡಿಗೆ ಹೋಗಿ ನಿಂತೆ. ಮೆಷಿನ್ ತುಳಿಯುತ್ತಿದ್ದ. "ಅವತ್ತು ನಾನ್ ಆಡಿದ್ದು ತಪ್ಪು. ಅದು ಬಾಯಿ ತಪ್ಪಿ ಬಂದಿದ್ದಲ್ಲ. ಒಳಗೆ ಇತ್ತು. ಅದಕ್ಕೇ ಜಾಸ್ತಿ ತಪ್ಪು," ಅಂದೆ. ಮೆಷಿನ್ ನಿಲ್ಲಲಿಲ್ಲ. ಒಂದು ಹೊಲಿಗೆ ಮುಗಿಸಿ, ದಾರ ಕಚ್ಚಿ ತುಂಡು ಮಾಡಿ, "ನಾಳೆ ಮದ್ವೆ ಪ್ಯಾಂಟು ಕೊಡ್ಬೇಕು, ಇವತ್ತು ಆಗಲ್ಲ. ನಾಳೆ ಹನ್ನೊಂದಕ್ಕೆ ಬರ್ತೀನಿ," ಅಂದ. ಮಾರನೇ ದಿನ ಬರಲಿಲ್ಲ. ಅದರ ಮಾರನೇ ದಿನವೂ ಇಲ್ಲ. ಐದನೇ ದಿನ ಬಂದ. ಟೀ ಕುಡಿದೆವು. ಹಳೆಯದನ್ನು ಅವನು ಮರೆತಿಲ್ಲ ಅಂತ ನನಗೆ ಗೊತ್ತು. ಮರೆಯಬೇಕು ಅಂತ ನಾನು ಕೇಳುವ ಹಾಗೂ ಇಲ್ಲ.

ಏಪ್ರಿಲ್ 26ಕ್ಕೆ ನಮ್ಮ ತುಮಕೂರು ಕ್ಷೇತ್ರದಲ್ಲಿ ಲೋಕಸಭೆಗೆ ಮತದಾನ. ಇಬ್ಬರೂ ಒಂದೇ ಬೈಕಿನಲ್ಲಿ ಹೋಗಿ, ಖಂಡಿತ ಬೇರೆ ಬೇರೆ ಗುಂಡಿ ಒತ್ತಿ ಬಂದೆವು. ಜೂನ್ 4ಕ್ಕೆ ಫಲಿತಾಂಶ. ಅಂಗಡಿಯಲ್ಲಿ ಟಿವಿ ಹಾಕಲಿಲ್ಲ. ಸಂಜೆ ಅವನೇ ಬಂದು ಹೇಳಿದ: ರಾಜ್ಯದಲ್ಲಿ ಬಿಜೆಪಿ 17, ಕಾಂಗ್ರೆಸ್ 9, ಜೆಡಿಎಸ್ 2. ದೆಹಲಿಯಲ್ಲಿ ಬಿಜೆಪಿಗೆ 240, ಈ ಸಲ ಮಿತ್ರಪಕ್ಷ ಬೇಕು. ಎರಡು ಲೋಟ ಟೀ ಮುಗಿಯುವ ತನಕ ಅದನ್ನೇ ಮಾತಾಡಿದೆವು. ಒಂದು ಕಡೆ ಇಬ್ಬರ ದನಿಯೂ ಏರಿತು. ಅವನು ಲೋಟ ಕೆಳಗಿಟ್ಟ. ನನ್ನ ಎದೆ ಧಸಕ್ ಅಂತು. ಇನ್ನರ್ಧ ಟೀ ಹೇಳಲು ಇಟ್ಟಿದ್ದ ಅಷ್ಟೇ.

ಬೋರ್ಡು ತೆಗೆದಿದ್ದು ಅದಕ್ಕೂ ಮೊದಲೇ, ಎಪಿಎಂಸಿ ಕ್ಯೂನಿಂದ ಬಂದ ದಿನ. ಲ್ಯಾಮಿನೇಷನ್ ಕೌಂಟರಿಗೆ ಚೆನ್ನಾಗಿ ಅಂಟಿಕೊಂಡಿತ್ತು. ಬ್ಲೇಡಿನಲ್ಲಿ ಕೆರೆಯಬೇಕಾಯಿತು. ಗುರುತು ಇನ್ನೂ ಇದೆ. ಈಗ ಆ ಜಾಗದಲ್ಲಿ ಯಾವ ಅರ್ಜಿಗೆ ಕೊನೆಯ ದಿನ ಯಾವಾಗ ಅಂತ ಒಂದು ಹಾಳೆ ಬರೆದು ಇಟ್ಟಿರುತ್ತೇನೆ. ಪ್ರತಿ ಸೋಮವಾರ ಬದಲಾಯಿಸುತ್ತೇನೆ. ಅಪ್ಪನಿಗೆ ಭಾನುವಾರ ಫೋನಿನಲ್ಲಿ ಅದನ್ನು ಓದಿ ಹೇಳುತ್ತೇನೆ. ಟಿವಿಯನ್ನು ಮಗಳ ಸ್ಕೂಲಿನ ಆಯಾ ಮನೆಗೆ ಕೊಟ್ಟುಬಿಟ್ಟೆ.

2025ರ ಫೆಬ್ರವರಿಯಲ್ಲಿ ಸೊಪ್ಪಿನ ಅಜ್ಜಿ ಮತ್ತೆ ಬಂದರು. ಇಷ್ಟು ದಿನ ಅವರು ಬೇರೆ ಅಂಗಡಿಗೆ ಹೋಗುತ್ತಿದ್ದರು ಅಂತ ನನಗೆ ಗೊತ್ತಿತ್ತು. ಅವತ್ತು ಆ ಅಂಗಡಿ ಮುಚ್ಚಿತ್ತು.

"ದುಡ್ಡು ನಿಲ್ತದಂತೆ, ಮತ್ತೆ ಅಕ್ಕಿನೇ ಕೊಡ್ತಾರಂತೆ. ಯಾಕಂತೆ?" ಅಂದರು. ಕೇಳಿದ ಮೇಲೆ ಕೌಂಟರ್ ಕಡೆ ಒಂದು ಸಲ ನೋಡಿದರು.

ಕುರ್ಚಿ ಎಳೆದು ಕೂರಿಸಿದೆ. ಮೊದಲಿಂದ ಹೇಳಿದೆ. ಹತ್ತು ಕೆಜಿ ಅಂತ ಮಾತು ಕೊಟ್ಟಿದ್ದರು. ಐದು ಕೆಜಿ ಕೇಂದ್ರದಿಂದ ಬರುತ್ತದೆ. ಉಳಿದ ಐದನ್ನು ರಾಜ್ಯದವರು ಆಹಾರ ನಿಗಮದಿಂದ ಕೊಂಡು ಕೊಡಬೇಕು ಅಂತಿದ್ದರು. 2023ರ ಜೂನಿನಲ್ಲಿ ಕೇಂದ್ರ ಸರ್ಕಾರ ರಾಜ್ಯಗಳಿಗೆ ಆ ಅಕ್ಕಿ ಮಾರುವುದು ನಿಲ್ಲಿಸಿತು. ಬೇರೆ ಕಡೆ ಅಷ್ಟು ಅಕ್ಕಿ ಸಿಗಲಿಲ್ಲ. ಅದಕ್ಕೆ ಕೆಜಿಗೆ 34ರ ಹಾಗೆ ಐದು ಕೆಜಿಗೆ 170. ಈಗ ಕೆಜಿಗೆ 22 ರೂಪಾಯಿ 50 ಪೈಸೆಗೆ ಕೊಡುತ್ತೇವೆ ಅಂತ ಕೇಂದ್ರದವರು ಒಪ್ಪಿದ್ದಾರೆ. ಅದಕ್ಕೆ ಮತ್ತೆ ಅಕ್ಕಿ.

ಅಜ್ಜಿ ಬೆರಳು ಮಡಚುತ್ತಾ ಕೇಳಿದರು. ಎಲ್ಲ ಕೇಳಿ, "ಇಷ್ಟೇ ಇದ್ದದ್ದಾ? ಅವತ್ತೇ ಹೇಳ್ಬೋದಿತ್ತಲ್ಲಪ್ಪ," ಅಂದರು.

ಹೌದಜ್ಜಿ, ಹೇಳಬೇಕಿತ್ತು ಅಂದೆ.

ಅವರು ಸೊಂಟದ ಚೀಲ ಬಿಚ್ಚಿ, ನಾಲ್ಕು ಮಡಿಕೆ ಮಾಡಿದ್ದ ಇನ್ನೊಂದು ಕಾಗದ ತೆಗೆದು ಕೌಂಟರ್ ಮೇಲಿಟ್ಟರು. "ಇದೇನಂತೆ ಓದು," ಅಂದರು.